ಸೂರ್ಯ ಒಂದು ಖಾತೆಗೆ, ತಂತಿ ಇನ್ನೊಂದು ಖಾತೆಗೆ

ಹುಬ್ಬಳ್ಳಿಯಲ್ಲಿ ಸೋಲಾರ್ ವಿಷಯ ಬಂದಲ್ಲೆಲ್ಲ ಒಂದು ಮಾತು ಕೇಳುತ್ತದೆ: "ಮಂತ್ರಿ ನಮ್ಮವ್ರ ಅದಾರಲ್ರೀ, ಒಂದ್ ಅರ್ಜಿ ಕೊಟ್ರ ಆಗ್ತೈತಿ." ಧಾರವಾಡದ ಸಂಸದ ಪ್ರಲ್ಹಾದ ಜೋಶಿಯವರು 2024ರ ಜೂನ್‌ನಲ್ಲಿ ನವ ಮತ್ತು ನವೀಕರಿಸಬಹುದಾದ ಇಂಧನ ಸಚಿವರಾದರು. ಆಹಾರ ಮತ್ತು ಗ್ರಾಹಕ ವ್ಯವಹಾರಗಳ ಖಾತೆಯೂ ಜೊತೆಗೆ ಬಂತು. ಅದಕ್ಕೂ ಮುಂಚೆ, 2019ರಿಂದ 2024ರವರೆಗೆ, ಕಲ್ಲಿದ್ದಲು ಖಾತೆ ಅವರ ಕೈಯಲ್ಲಿತ್ತು. ಹಾಗಾಗಿ ಮಂದಿ ಆಸೆ ಇಟ್ಟುಕೊಳ್ಳುವುದು ಸಹಜ. ಆದರೆ ಮಾಳಿಗೆ ಮೇಲಿನ ಇನ್ವರ್ಟರ್ ನಡುಮಧ್ಯಾಹ್ನ ಯಾಕೆ ಬಂದ್ ಆಗುತ್ತದೆ, ಹೊಲಕ್ಕೆ ಹಗಲು ತ್ರೀಫೇಸ್ ಯಾಕೆ ಸಿಗುತ್ತಿಲ್ಲ, ಗದಗಿನ ಗಾಳಿ ಕರೆಂಟಿಗೆ ಲೈನ್ ಯಾವಾಗ ಎನ್ನುವ ಪ್ರಶ್ನೆಗಳಲ್ಲಿ ಬಹಳಷ್ಟು ನವೀಕರಿಸಬಹುದಾದ ಇಂಧನ ಖಾತೆಯ ಫೈಲುಗಳೇ ಅಲ್ಲ.

ದೆಹಲಿಯಲ್ಲಿ ಇಂಧನ ಅನ್ನುವುದು ಒಬ್ಬರ ಖಾತೆಯಲ್ಲ. ಸೋಲಾರ್, ಗಾಳಿ, ಜೈವಿಕ ಇಂಧನ, ಹಸಿರು ಹೈಡ್ರೋಜನ್ ಮತ್ತು 25 ಮೆಗಾವ್ಯಾಟ್‌ವರೆಗಿನ ಸಣ್ಣ ಜಲವಿದ್ಯುತ್ ನವೀಕರಿಸಬಹುದಾದ ಇಂಧನ ಸಚಿವಾಲಯಕ್ಕೆ ಸೇರಿವೆ. 25 ಮೆಗಾವ್ಯಾಟ್ ದಾಟಿದ ಜಲವಿದ್ಯುತ್ತನ್ನು 2019ರಲ್ಲಿ ನವೀಕರಿಸಬಹುದಾದದ್ದು ಎಂದು ಘೋಷಿಸಿದರೂ ಅದು ವಿದ್ಯುತ್ ಸಚಿವಾಲಯದಲ್ಲೇ ಉಳಿಯಿತು. ಎನ್‌ಟಿಪಿಸಿ, ಪವರ್‌ಗ್ರಿಡ್, ದೊಡ್ಡ ಲೈನುಗಳು, ವಿದ್ಯುತ್ ಕಾಯ್ದೆಯ ನಿಯಮಗಳು, ಕಾರ್ಬನ್ ಕ್ರೆಡಿಟ್ ಮಾರುಕಟ್ಟೆ ಎಲ್ಲವೂ ಅಲ್ಲೇ. ಕಲ್ಲಿದ್ದಲು ಬೇರೆ, ಪೆಟ್ರೋಲಿಯಂ ಬೇರೆ. ಅಣುಶಕ್ತಿ ನೇರವಾಗಿ ಪ್ರಧಾನಿಯವರ ಕೆಳಗೆ. ಬ್ಯಾಟರಿ ಸೆಲ್ ಕಾರ್ಖಾನೆಗಳ ಪ್ರೋತ್ಸಾಹಧನ ಭಾರಿ ಕೈಗಾರಿಕೆಗಳ ಸಚಿವಾಲಯದ್ದು. ಹವಾಮಾನ ಬದಲಾವಣೆ ಅನ್ನುವ ಹೆಸರು 2014ರಲ್ಲಿ ಪರಿಸರ ಸಚಿವಾಲಯಕ್ಕೆ ಸೇರಿತು. ಇದರ ಮೇಲೆ, ವಿದ್ಯುತ್ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯಗಳ ಪಟ್ಟಿ) ಇರುವುದರಿಂದ ರಾಜ್ಯ ಸರ್ಕಾರ, ದರ ಮತ್ತು ನಿಯಂತ್ರಣಕ್ಕೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವಾದ ಕೆಇಆರ್‌ಸಿ, ಮನೆ ಬಾಗಿಲಿಗೆ ನಮ್ಮ ವಿತರಣಾ ಕಂಪನಿ ಹೆಸ್ಕಾಂ.

ಮನೆಯ ಸೋಲಾರನ್ನೇ ನೋಡೋಣ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆ, ಮೊತ್ತ ₹75,021 ಕೋಟಿ. ಸಬ್ಸಿಡಿ 1 ಕಿಲೋವ್ಯಾಟ್‌ಗೆ ₹30,000, ಎರಡಕ್ಕೆ ₹60,000, ಮೂರು ಮತ್ತು ಅದಕ್ಕಿಂತ ಮೇಲೆ ಎಷ್ಟೇ ಹಾಕಿದರೂ ₹78,000. ಈ ಹಣ ನವೀಕರಿಸಬಹುದಾದ ಇಂಧನ ಸಚಿವಾಲಯದ್ದು. ಆದರೆ ಜೋಡಣೆಯ ನಿಯಮ ಬರೆದದ್ದು ವಿದ್ಯುತ್ ಸಚಿವಾಲಯ. ಅದೇ ಫೆಬ್ರವರಿಯ ಗ್ರಾಹಕ ಹಕ್ಕುಗಳ ತಿದ್ದುಪಡಿಯ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಪೂರ್ಣ ಅರ್ಜಿಗೆ ತಾಂತ್ರಿಕ ಸಾಧ್ಯತೆಯ ಪರಿಶೀಲನೆ ಬೇಕಿಲ್ಲ, ಅದು ಒಪ್ಪಿಗೆಯಾದಂತೆಯೇ ಲೆಕ್ಕ. ಮಂಜೂರಾದ ಲೋಡ್ ಕಡಿಮೆ ಇದ್ದರೆ ಅದನ್ನು ಹೆಚ್ಚಿಸುವುದು ವಿತರಣಾ ಕಂಪನಿಯ ಕೆಲಸ. 5 ಕಿಲೋವ್ಯಾಟ್‌ವರೆಗೆ ಟಿಸಿ (ಟ್ರಾನ್ಸ್‌ಫಾರ್ಮರ್), ತಂತಿ ಬಲಪಡಿಸಬೇಕಾಗಿ ಬಂದರೆ ಅದರ ಖರ್ಚೂ ಕಂಪನಿಯದೇ. ಈ ನಿಯಮ ಎಷ್ಟೋ ಮಂದಿಗೆ ಗೊತ್ತಿಲ್ಲ. "ಟಿಸಿ ಫುಲ್ ಆಗೇತ್ರೀ" ಎಂದರೆ ಸುಮ್ಮನೆ ವಾಪಸ್ ಬರುತ್ತಾರೆ. ಆ ಉತ್ತರವನ್ನು ಬರಹದಲ್ಲಿ ಕೇಳಬೇಕು.

ಸಬ್ಸಿಡಿ ನಿಲ್ಲುವ ಕಾರಣಗಳು ಹೆಚ್ಚಾಗಿ ಸಣ್ಣವು. ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ, ಬ್ಯಾಂಕ್ ಖಾತೆ ಮೊಮ್ಮಗನದು. ಪೋರ್ಟಲ್‌ನಲ್ಲಿ ಹೆಸರು ತಾಳೆಯಾಗುವುದಿಲ್ಲ. ಮೊದಲು ಮೀಟರಿನ ಹೆಸರು ಬದಲಿಸಿಕೊಳ್ಳಿ, ಆಮೇಲೆ ನೋಂದಣಿ. ಎರಡನೆಯದು ಪ್ಯಾನೆಲ್. ಸೆಲ್ಲೂ ಮಾಡ್ಯೂಲೂ ದೇಶದಲ್ಲೇ ತಯಾರಾದ ಡಿಸಿಆರ್ ಪ್ಯಾನೆಲ್‌ಗಷ್ಟೇ ಸಬ್ಸಿಡಿ. ಅಗ್ಗ ಎಂದು ಬೇರೆ ಪ್ಯಾನೆಲ್ ಕೂರಿಸಿದರೆ ಹಣ ಬರುವುದಿಲ್ಲ. ಮುಂಗಡ ಕೊಡುವ ಮೊದಲೇ ಒಪ್ಪಂದದಲ್ಲಿ ಡಿಸಿಆರ್ ಎಂದು ಬರೆಸಿಕೊಳ್ಳಿ. 3 ಕಿಲೋವ್ಯಾಟ್‌ಗೆ 540 ವ್ಯಾಟಿನ ಆರು ಪ್ಯಾನೆಲ್, ನೆರಳಿಲ್ಲದ ಸುಮಾರು 300 ಚದರಡಿ ಬೇಕು. ನಮ್ಮ ಬಿಸಿಲಿಗೆ ವರ್ಷದ ಸರಾಸರಿ ಹಿಡಿದರೆ ಒಂದು ಕಿಲೋವ್ಯಾಟ್ ದಿನಕ್ಕೆ ಹತ್ತಿರತ್ತಿರ 4 ಯೂನಿಟ್ ಕೊಡುತ್ತದೆ. ಜುಲೈ ಮೋಡದಲ್ಲಿ ಅದು ಬಹಳ ಇಳಿಯುತ್ತದೆ, ಅದನ್ನು ಕಂಡು ಗಾಬರಿಯಾಗಬೇಕಿಲ್ಲ.

ಇನ್ವರ್ಟರ್ ದೂರು ಬೇರೆಯದೇ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಇನ್ವರ್ಟರ್ ಕರೆಂಟ್ ಹೋದಾಗ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಅಪಾಯ. ಅದು ದೋಷವಲ್ಲ. ದೋಷ ಇರುವುದು ಕರೆಂಟ್ ಇದ್ದಾಗಲೂ ಬಂದ್ ಆಗುವಲ್ಲಿ. ಟಿಸಿಯಿಂದ ದೂರದ ಮನೆ, ಸಣ್ಣ ತಂತಿ, ಹಗಲಿನಲ್ಲಿ ಬಳಕೆ ಕಡಿಮೆ. ಅಂಥ ಕಡೆ ಪ್ಯಾನೆಲ್ ಕರೆಂಟನ್ನು ಹೊರಕ್ಕೆ ತಳ್ಳಿದಂತೆ ವೋಲ್ಟೇಜ್ 230ರಿಂದ ಮೇಲೇರುತ್ತ ಹೋಗಿ ಮಿತಿ ದಾಟಿದೊಡನೆ ಇನ್ವರ್ಟರ್ ಕೈ ಬಿಡುತ್ತದೆ. ಒಳ್ಳೆಯ ಬಿಸಿಲಿನ ಹೊತ್ತೇ ನಷ್ಟ. ಪರಿಹಾರ ಟಿಸಿಯ ಟ್ಯಾಪ್ (ವೋಲ್ಟೇಜ್ ಹೊಂದಿಸುವ ವ್ಯವಸ್ಥೆ) ಇಳಿಸುವುದು, ತಂತಿ ದಪ್ಪ ಮಾಡುವುದು, ಫೇಸ್ ಸಮ ಹಂಚುವುದು. ಇದು ಹೆಸ್ಕಾಂ ಸೆಕ್ಷನ್ ಆಫೀಸಿನ ಕೆಲಸ. ಅದಕ್ಕೆ ಬೇಕಾದ ದೊಡ್ಡ ಹಣ ವಿದ್ಯುತ್ ಸಚಿವಾಲಯದ, ವಿತರಣಾ ಜಾಲ ಸುಧಾರಿಸುವ ಆರ್‌ಡಿಎಸ್‌ಎಸ್ ಯೋಜನೆಯಂಥ ಕಡೆಯಿಂದ ಬರಬೇಕು. ಸೋಲಾರ್ ಮಂತ್ರಿ ಪ್ಯಾನೆಲ್ ಕೊಡಿಸಬಹುದು, ಟಿಸಿ ಬದಲಿಸಲಾರರು.

ಹೊಲದ ಕಡೆ ಬನ್ನಿ. ಈ ಖಾತೆ ಹಂಚಿಕೆಯ ನಿಜವಾದ ಹಾನಿ ಕಾಣುವುದು ಅಲ್ಲೇ. 2019ರ ಪಿಎಂ ಕುಸುಮ್‌ನ ಸಿ ಭಾಗದಲ್ಲಿ ಸಬ್‌ಸ್ಟೇಷನ್ ಪಕ್ಕ ಸೋಲಾರ್ ಸ್ಥಾವರ ಹಾಕಿ, ಪಂಪ್‌ಸೆಟ್ ಫೀಡರಿಗೆ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನ್) ಹಗಲಲ್ಲೇ ಕರೆಂಟ್ ಕೊಡುವ ಉದ್ದೇಶವಿದೆ. ಒಂದು ಮೆಗಾವ್ಯಾಟ್‌ಗೆ ಸುಮಾರು 4 ಎಕರೆ ಜಾಗ, ಕೇಂದ್ರದ ನೆರವು ಶೇ. 30, ಮೆಗಾವ್ಯಾಟ್‌ಗೆ ₹1.05 ಕೋಟಿವರೆಗೆ. ಗೋವಿನಜೋಳಕ್ಕೆ, ಮೆಣಸಿನಕಾಯಿಗೆ ನೀರು ಹಾಯಿಸಲು ರಾತ್ರಿ ಎರಡಕ್ಕೆ ಎದ್ದು ಹಾವು ತುಳಿಯುವ ಭಯದಲ್ಲಿ ಹೊಲಕ್ಕೆ ಹೋಗುವ ರೈತನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಆದರೆ ಫೀಡರ್ ಮೊದಲು ಬೇರೆಯಾಗಿರಬೇಕು. ಊರಿನ ಮನೆಗಳೂ ಪಂಪ್‌ಸೆಟ್ಟುಗಳೂ ಒಂದೇ 11 ಕೆವಿ ಫೀಡರಿನಲ್ಲಿದ್ದರೆ ಪಂಪುಗಳಿಗಷ್ಟೇ ವೇಳೆ ನಿಗದಿ ಮಾಡುವುದು ಕಷ್ಟ. ಫೀಡರ್ ಬೇರ್ಪಡಿಸುವ ಹಣ ವಿದ್ಯುತ್ ಸಚಿವಾಲಯದ ಆರ್‌ಡಿಎಸ್‌ಎಸ್‌ನಲ್ಲಿ (2021), ಸೋಲಾರ್ ಹಾಕುವ ಹಣ ಇನ್ನೊಂದು ಸಚಿವಾಲಯದ ಕುಸುಮ್‌ನಲ್ಲಿ. ಎರಡು ಟೆಂಡರ್, ಎರಡು ಗಡುವು. ಸ್ಥಾವರ ಸಿದ್ಧವಿದ್ದು ಫೀಡರ್ ಹಳೆಯದಾಗಿದ್ದರೆ ಲೈನ್ ಟ್ರಿಪ್ ಆದಾಗೆಲ್ಲ ಸ್ಥಾವರವೂ ನಿಲ್ಲುತ್ತದೆ. ಫೀಡರ್ ಸಿದ್ಧವಿದ್ದು ಸ್ಥಾವರವಿಲ್ಲದಿದ್ದರೆ ಮತ್ತೆ ರಾತ್ರಿ ಪಾಳಿ. ಈ ಎರಡು ಯೋಜನೆಗಳ ಫೀಡರ್ ಪಟ್ಟಿ ಒಂದೇ ಆಗಿರಬೇಕಿತ್ತು, ಒಬ್ಬರೇ ಸಹಿ ಹಾಕಬೇಕಿತ್ತು.

ಗದಗ ಜಿಲ್ಲೆಯ ಗಾಳಿ ಮುಂಗಾರಿನಲ್ಲಿ ಜೋರು. ಸೂರ್ಯ ಮಂಕಾದ ತಿಂಗಳುಗಳಲ್ಲಿ, ಸಂಜೆ ರಾತ್ರಿಗಳಲ್ಲಿ ಅದು ಕೈಹಿಡಿಯುತ್ತದೆ. ಎರಡೂ ಇರುವ ನೆಲ ನಮ್ಮದು. ಅದಕ್ಕೇ ಗದಗ ಸೋಲಾರ್ ವಲಯಕ್ಕೆಂದು 2,500 ಮೆಗಾವ್ಯಾಟಿನ ಪ್ರಸರಣ ಯೋಜನೆ ರೂಪಿಸಲಾಯಿತು. ಸೋಲಾರ್ ಸ್ಥಾವರ ಒಂದೂವರೆ ವರ್ಷದಲ್ಲಿ ಏಳಬಹುದು. ಲೈನಿಗೆ ಜಾಗ, ಕಂಬಕ್ಕೆ ಪರಿಹಾರ, ಅರಣ್ಯ ಅನುಮತಿ ಎಲ್ಲ ಸೇರಿ ಅದಕ್ಕಿಂತ ಹೆಚ್ಚು ಸಮಯ ಬೇಕು. ಸೋಲಾರ್, ಗಾಳಿ ಕರೆಂಟಿಗಿದ್ದ ಅಂತರರಾಜ್ಯ ಪ್ರಸರಣ ಶುಲ್ಕದ ಪೂರ್ಣ ವಿನಾಯಿತಿ 2025ರ ಜೂನ್ 30ಕ್ಕೆ ಮುಗಿದು, ಆಮೇಲೆ ವರ್ಷಕ್ಕೆ ಶೇ. 25ರಂತೆ ಶುಲ್ಕ ಏರುವ ವ್ಯವಸ್ಥೆ ಬಂತು. ಲೈನ್ ತಡವಾದರೆ ಆ ಹೊರೆ ಕೊನೆಗೆ ಯೂನಿಟ್ ದರದ ಮೇಲೇ ಬೀಳುತ್ತದೆ. ಕಪ್ಪತಗುಡ್ಡದಲ್ಲಂತೂ ಗಾಳಿಯಂತ್ರ ಒಂದು ಸಚಿವಾಲಯ, ಲೈನ್ ಇನ್ನೊಂದು, 2019ರಲ್ಲಿ ವನ್ಯಜೀವಿ ಧಾಮವಾದ ಮೇಲೆ ಕಾಡು ಮೂರನೆಯದು. ಆ ಔಷಧಿ ಸಸ್ಯಗಳ ಗುಡ್ಡವನ್ನು ಅಗೆಯದೆ ಎರಿ ಬಯಲಿನಲ್ಲಿ ಎಲ್ಲೆಲ್ಲಿ ಯಂತ್ರ ನಿಲ್ಲಿಸಬಹುದು ಎಂದು ಮೂವರೂ ಒಂದೇ ನಕ್ಷೆ ಹಾಸಿಕೊಂಡು ಕೂರಬೇಕು. ಧಾರವಾಡದ ಪಕ್ಕದ ನರೇಂದ್ರ ಸಬ್‌ಸ್ಟೇಷನ್ನಿನಿಂದ ಗೋವಾಕ್ಕೆ ಯೋಜಿಸಿದ 400 ಕೆವಿ ಲೈನ್ ಪಶ್ಚಿಮ ಘಟ್ಟದ ಕಾಡಿನ ಪ್ರಶ್ನೆಯಲ್ಲೇ ವರ್ಷಗಟ್ಟಲೆ ಸಿಕ್ಕಿಕೊಂಡಿತು. ಕಾಡು ಉಳಿಯಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಆ ವಾದವನ್ನು ಟೆಂಡರಿಗೆ ಮುಂಚೆಯೇ ಕೇಳಬೇಕಿತ್ತು.

ಇನ್ನು ಹವಾಮಾನದ ಹೊಣೆ. ಹವಾಮಾನ ಸಮ್ಮೇಳನಗಳಲ್ಲಿ ಭಾರತದ ತಂಡವನ್ನು ಮುನ್ನಡೆಸುವುದು ಪರಿಸರ ಸಚಿವರು. 2030ರೊಳಗೆ ಸ್ಥಾಪಿತ ಸಾಮರ್ಥ್ಯದ ಅರ್ಧ ಕಲ್ಲಿದ್ದಲು, ತೈಲ, ಅನಿಲದ ಹೊರತಾಗಿರಬೇಕು ಎಂದು 2022ರಲ್ಲಿ ಬರೆದುಕೊಟ್ಟೆವು. ಅದು 2025ರ ಜೂನ್‌ನಲ್ಲೇ ಈಡೇರಿತು, ಹೆಮ್ಮೆಯ ವಿಷಯ. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ತಂತಿಯಲ್ಲಿ ಹರಿಯುವ ಕರೆಂಟಿನ ದೊಡ್ಡ ಪಾಲು ಈಗಲೂ ಕೂಡಗಿಯಂಥ ಕಲ್ಲಿದ್ದಲು ಸ್ಥಾವರಗಳದ್ದೇ. ಈ ಅಂತರ ತುಂಬಲು ಬ್ಯಾಟರಿ, ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಕರೆಂಟ್ ಮಾಡುವುದು), ಲೈನ್ ಬೇಕು, ಅವು ಪರಿಸರ ಸಚಿವರ ಕೈಯಲ್ಲಿಲ್ಲ. ಮಾತು ಕೊಟ್ಟವರು ಒಬ್ಬರು, ನಡೆಸಿಕೊಡಬೇಕಾದವರು ಮೂವರು.

ಬ್ರಿಟನ್ 2008ರಲ್ಲಿ ಇಂಧನ ಮತ್ತು ಹವಾಮಾನವನ್ನು ಒಂದೇ ಇಲಾಖೆಗೆ ತಂದಿತು, 2016ರಲ್ಲಿ ಮುಚ್ಚಿತು, 2023ರಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತು. ಮೊದಲ ಇಲಾಖೆಯ ಮೊದಲ ಸಚಿವ ಎಡ್ ಮಿಲಿಬ್ಯಾಂಡ್, 2024ರಲ್ಲಿ ಮತ್ತೆ ಆ ಹೊಣೆಗೆ ಬಂದವರೂ ಅವರೇ. ಇಲಾಖೆ ಹೋದರೂ ಕೆಲಸ ನಿಲ್ಲದಂತೆ ಹಿಡಿದದ್ದು 2008ರ ಹವಾಮಾನ ಕಾಯ್ದೆ: ಸ್ವತಂತ್ರ ಸಮಿತಿ ವರ್ಷವರ್ಷ ವರದಿ ಕೊಡುತ್ತದೆ, ಸರ್ಕಾರ ಸಂಸತ್ತಿಗೆ ಉತ್ತರ ಕೊಡಲೇಬೇಕು. ನಮ್ಮಲ್ಲಿ 2014ರಿಂದ 2024ರವರೆಗೆ ವಿದ್ಯುತ್ ಮತ್ತು ನವೀಕರಿಸಬಹುದಾದ ಇಂಧನ ಎರಡೂ ಒಬ್ಬರೇ ಸಚಿವರ ಬಳಿ ಇದ್ದವು, ಮೊದಲು ಪೀಯೂಷ್ ಗೋಯಲ್, ಆಮೇಲೆ ಆರ್.ಕೆ. ಸಿಂಗ್. ಆದರೂ 2022ರೊಳಗೆ ಮಾಳಿಗೆಗಳ ಮೇಲೆ 40 ಗಿಗಾವ್ಯಾಟ್ ಎಂಬ ಗುರಿಯ ಅರ್ಧವನ್ನೂ ಮುಟ್ಟಲಿಲ್ಲ. ಖಾತೆ ಕೂಡಿಸಿದರೆ ಸಾಲದು ಎನ್ನಲು ಇಷ್ಟು ಸಾಕು. ಆದರೂ ಆ ಎರಡು ಖಾತೆಗಳು ಮತ್ತೆ ಒಂದೇ ಕೈಗೆ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪ್ಯಾನೆಲ್ಲು, ತಂತಿ ಒಟ್ಟಿಗೇ ಯೋಜನೆಯಾಗಬೇಕಾದ ವಸ್ತುಗಳು. ಜೊತೆಗೆ ಪ್ರತಿ ವರ್ಷ ಆ ಸಚಿವರು ರಾಜ್ಯವಾರು, ವಿತರಣಾ ಕಂಪನಿವಾರು ಲೆಕ್ಕವನ್ನು ಸಂಸತ್ತಿನ ಮುಂದಿಡುವುದು ಕಾನೂನಿನಲ್ಲೇ ಇರಬೇಕು. ಸಂಸತ್ತಿನ ಇಂಧನ ಸ್ಥಾಯಿ ಸಮಿತಿ ಈಗಾಗಲೇ ಈ ಎರಡೂ ಸಚಿವಾಲಯಗಳನ್ನು ಒಟ್ಟಿಗೇ ನೋಡುತ್ತದೆ. ಸಂಸತ್ತಿಗೆ ಸಾಧ್ಯವಾದದ್ದು ಸಂಪುಟಕ್ಕೂ ಸಾಧ್ಯ.

ಅಲ್ಲಿಯವರೆಗೆ ಅರ್ಜಿಯ ವಿಳಾಸ ಸರಿಯಿರಲಿ. ಸೂರ್ಯಘರ್ ಸಬ್ಸಿಡಿ, ಕುಸುಮ್ ನೆರವು ಎಂದರೆ ನವೀಕರಿಸಬಹುದಾದ ಇಂಧನ ಸಚಿವಾಲಯ. ಆರ್‌ಡಿಎಸ್‌ಎಸ್, ಅಂತರರಾಜ್ಯ ಲೈನ್ ಎಂದರೆ ವಿದ್ಯುತ್ ಸಚಿವಾಲಯ. ನೆಟ್ ಮೀಟರ್, ವೋಲ್ಟೇಜ್, ಟಿಸಿ ದೂರು 1912ಕ್ಕೆ, ದೂರಿನ ಸಂಖ್ಯೆ ಬರೆದಿಟ್ಟುಕೊಂಡು. ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ. ಮಾಹಿತಿ ಹಕ್ಕು ಅರ್ಜಿಗೆ ₹10. ಕೇಂದ್ರದ ಒಂದು ಸಚಿವಾಲಯಕ್ಕೆ ಬರೆದದ್ದು ಇನ್ನೊಂದರ ವಿಷಯವಾಗಿದ್ದರೆ 6(3)ನೇ ಕಲಮಿನಡಿ ಐದು ದಿನದೊಳಗೆ ವರ್ಗಾಯಿಸಿ ನಿಮಗೆ ತಿಳಿಸಬೇಕು. ಹೆಸ್ಕಾಂಗೆ ಬೇರೆಯೇ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ. ನಿಮ್ಮ ಫೀಡರಿನ ಹೆಸರು, ಅದು ಆರ್‌ಡಿಎಸ್‌ಎಸ್ ಪಟ್ಟಿಯಲ್ಲಿದೆಯೇ, ಕುಸುಮ್ ಪಟ್ಟಿಯಲ್ಲಿದೆಯೇ, ಎರಡರ ಮುಗಿಯುವ ದಿನಾಂಕ ಏನು: ಇಷ್ಟೇ ಕೇಳಿ.