ಸ್ಪೋರ್ಟ್ ಟೂರರ್ ಯಾವ ರಸ್ತೆಗೆ?

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇರುವ ನನ್ನಂಥವರಿಗೆ ಘಾಟಿ ರಸ್ತೆ ಬೇಕೆಂದರೆ ಹತ್ತಿರದಲ್ಲಿ ಬ್ಲ್ಯಾಕ್ ಫಾರೆಸ್ಟ್‌ನ ಬಿ500 ರಸ್ತೆ ಇದೆ. ಅದಕ್ಕಿಂತ ದೊಡ್ಡದು ಬೇಕಾದರೆ ಆಲ್ಪ್ಸ್‌ಗೇ ಹೋಗಬೇಕು. ಎ8ರಲ್ಲಿ ಉಲ್ಮ್, ಅಲ್ಲಿಂದ ಎ7ರಲ್ಲಿ ಆಲ್ಪ್ಸ್ ಬುಡದ ಫ್ಯೂಸೆನ್. 200 ಕಿಲೋಮೀಟರ್‌ಗೂ ಹೆಚ್ಚು ಬರೀ ಆಟೋಬಾನ್, ಅಂದರೆ ಇಲ್ಲಿನ ಎಕ್ಸ್‌ಪ್ರೆಸ್‌ವೇ. ನಾನು ಯಮಾಹಾ ಎಂಟಿ-07 ಕೊಟ್ಟು ಕವಾಸಾಕಿ ನಿಂಜಾ 1000ಎಸ್‌ಎಕ್ಸ್ ಎಂಬ ಸ್ಪೋರ್ಟ್ ಟೂರರ್ (ದೂರದ ಪ್ರಯಾಣಕ್ಕೆ ಮಾಡಿದ ವೇಗದ ಬೈಕ್) ತಗೊಂಡಿದ್ದು ಈ ದಾರಿಗಾಗಿ, ಘಾಟಿಗಾಗಿ ಅಲ್ಲ.

ಎಂಟಿ-07 ಒಳ್ಳೆಯ ಗಾಡಿ. 689 ಸಿಸಿ, ಸುಮಾರು 180 ಕೆಜಿ, ಊರೊಳಗೆ ಹೇಳಿದಂತೆ ಕೇಳುತ್ತದೆ. ಆದರೆ ಮುಂದೆ ಗಾಳಿ ತಡೆಯಲು ಏನೂ ಇಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ಭಾರತದ ಹೈವೇಗಳಲ್ಲಿ ಬೈಕಿಗೆ ಮಿತಿ 80. ಆಟೋಬಾನ್‌ನಲ್ಲಿ ಸೂಚಿಸಿರುವ ವೇಗ 130. ಅಂದರೆ ಎದೆಗೆ ಬಡಿಯುವ ಗಾಳಿ ಎರಡೂವರೆ ಪಟ್ಟಿಗೂ ಜಾಸ್ತಿ. ಹಿಂದಕ್ಕೆ ವಾಲದಂತೆ ಹ್ಯಾಂಡಲ್ ಬಿಗಿಯಾಗಿ ಹಿಡಿದೇ ಇರಬೇಕು. ಕತ್ತು, ಭುಜ, ಮುಂಗೈ ಎಲ್ಲಾ ಸೆಟೆದುಕೊಳ್ಳುತ್ತವೆ. ಫ್ಯೂಸೆನ್ ಮುಟ್ಟುವಷ್ಟರಲ್ಲಿ ಮೈ ಸೋತಿರುತ್ತದೆ. ಗಮನ ಬೇಕಾದ ತಿರುವುಗಳು ಶುರುವಾಗುವುದೇ ಅಲ್ಲಿಂದ ಮುಂದೆ.

ನಿಂಜಾದಲ್ಲಿ ಗಾಳಿ ತಡೆಯುವ ಕೆಲಸವನ್ನು ಫೇರಿಂಗ್, ಅಂದರೆ ಮುಂಭಾಗದ ಹೊದಿಕೆ, ತಾನು ವಹಿಸಿಕೊಳ್ಳುತ್ತದೆ. ವಿಂಡ್‌ಸ್ಕ್ರೀನ್‌ಗೆ ನಾಲ್ಕು ಹಂತಗಳಿವೆ. ಎತ್ತರ ಮಾಡಿದಷ್ಟೂ ಒಳ್ಳೆಯದು ಅಂತೇನಿಲ್ಲ. ತುದಿ ದಾಟಿ ಬರುವ ಗಾಳಿ ಸುಳಿಸುಳಿಯಾಗಿ ಹೆಲ್ಮೆಟ್‌ಗೆ ಬಡಿದರೆ ತಲೆಯೆಲ್ಲಾ ಗಡಗಡ ಅನ್ನುತ್ತದೆ. ನನ್ನ ಎತ್ತರಕ್ಕೆ ಮೇಲಿನಿಂದ ಎರಡನೇ ಹಂತ ಸರಿ. ಎದೆಗೆ ಗಾಳಿ ಇಲ್ಲ, ತಲೆಗೆ ಒಂದೇ ಸಮನಾದ ಗಾಳಿ. ಕಿವಿಗೆ ಇಯರ್‌ಪ್ಲಗ್ ಮಾತ್ರ ಯಾವ ಗಾಡಿಯಲ್ಲೂ ಬೇಕೇ ಬೇಕು. ಟ್ಯಾಂಕ್ 14 ಲೀಟರ್‌ನಿಂದ 19ಕ್ಕೆ ಏರಿತು, ವೇಗವನ್ನು ತಾನಾಗಿಯೇ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ಬಂತು. ತೂಕವೂ 50 ಕೆಜಿಗಿಂತ ಜಾಸ್ತಿಯಾಯಿತು. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದರೆ ಹಿಂದಕ್ಕೆ ತಳ್ಳುವುದು ಕಷ್ಟ.

ನಮ್ಮ ಕಡೆ ದಣಿವೇ ಹೆಮ್ಮೆ. ಬೆಂಗಳೂರಿಂದ ಗೋವಾಕ್ಕೆ ಒಂದೇ ಏಟಿಗೆ ಹೊಡೆದೆ, ಸೊಂಟ ಹೋಯ್ತು ಗುರೂ ಅಂತ ಹೇಳಿಕೊಳ್ಳುವುದರಲ್ಲಿ ಏನೋ ಖುಷಿ. ನನಗೆ ಅದು ಈಗ ಹೆದರಿಕೆ ಹುಟ್ಟಿಸುತ್ತದೆ. ದಣಿದವನ ಕೈ ಬ್ರೇಕಿಗೆ ತಡವಾಗಿ ಹೋಗುತ್ತದೆ, ಅಷ್ಟೇ ಸಾಕಲ್ವಾ? ಇಲ್ಲಿ ಜರ್ಮನಿಯಲ್ಲಿ ಹೊಸದಾಗಿ ದೊಡ್ಡ ಬೈಕಿನ ಲೈಸೆನ್ಸ್ ಮಾಡಿಸುವವರು ಊರಾಚೆಯ ರಸ್ತೆಯಲ್ಲಿ 5, ಆಟೋಬಾನ್‌ನಲ್ಲಿ 4, ಕತ್ತಲಲ್ಲಿ 3 ಪಾಠ ಕಡ್ಡಾಯವಾಗಿ ಓಡಿಸಬೇಕು. ಒಂದೊಂದೂ 45 ನಿಮಿಷದ್ದು. ಪರೀಕ್ಷೆಯಲ್ಲಿ ತುರ್ತು ಬ್ರೇಕ್ ಹಾಕಿ ತೋರಿಸಬೇಕು. ನಮ್ಮಲ್ಲಿ ಆರ್‌ಟಿಓ ಮೈದಾನದಲ್ಲಿ ಎಂಟು ಹಾಕಿದರೆ ಮುಗೀತು. ಹೈವೇ ಹೇಗೆ ಓಡಿಸಬೇಕು ಅಂತ ಯಾರೂ ಕಲಿಸುವುದಿಲ್ಲ.

ಕಲಿಸದೇ ಇದ್ದಾಗ ಕೊನೆಗೆ ಉಳಿಯುವುದು ನಿಷೇಧ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ಆಗಸ್ಟ್ 1ರಿಂದ ಅಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ವೇಗವಾಗಿ ಹೋಗುವ ಕಾರುಗಳ ನಡುವೆ ನಿಧಾನದ ಸ್ಕೂಟರ್ ಅಪಾಯ ಅನ್ನುವುದು ನಿಜ. ಆದರೆ ಜರ್ಮನಿಯಲ್ಲಿ ಗೆರೆ ಎಳೆದಿರುವುದು ಗಾಡಿಯ ತಾಕತ್ತಿನ ಮೇಲೆ. ಗಂಟೆಗೆ 60 ಕಿಲೋಮೀಟರ್‌ಗಿಂತ ಜಾಸ್ತಿ ಓಡಬಲ್ಲ ಗಾಡಿಗೆ ಆಟೋಬಾನ್ ಮುಕ್ತ. ನಮ್ಮಲ್ಲಿ 100 ಸಿಸಿಯೂ ಒಂದೇ, 1000 ಸಿಸಿಯೂ ಒಂದೇ. ಎಲ್ಲರೂ ಸರ್ವೀಸ್ ರಸ್ತೆಗೆ. ಅಡ್ಡ ಬರುವ ಟ್ರ್ಯಾಕ್ಟರು, ಎದುರಿಂದ ರಾಂಗ್ ಸೈಡಲ್ಲಿ ಬರುವ ಆಟೋ ಎಲ್ಲವೂ ಇರುವುದು ಅಲ್ಲೇ. ಸರಿಯಾದ ಗಾಡಿ, ತರಬೇತಿಯ ಲೈಸೆನ್ಸ್ ಎರಡೂ ಇರುವವರನ್ನಾದರೂ ಆ ಎಕ್ಸ್‌ಪ್ರೆಸ್‌ವೇಗೆ ಬಿಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಬೆಂಗಳೂರಿನ ಗೆಳೆಯರು ತಾವೂ ಸ್ಪೋರ್ಟ್ ಟೂರರ್‌ಗೆ ಬದಲಾಯಿಸೋಣ್ವಾ ಅಂತ ಕೇಳುತ್ತಾರೆ. ವಾರವೆಲ್ಲಾ ಸಿಲ್ಕ್ ಬೋರ್ಡ್ ದಾಟುವವರಾದರೆ ಬೇಡ. ನಿಂತ ಟ್ರಾಫಿಕ್‌ನಲ್ಲಿ ಇಂಜಿನ್ ಶಾಖ ಕಾಲಿಗೆ ಹೊಡೆಯುತ್ತದೆ, ಪಕ್ಕದ ಪೆಟ್ಟಿಗೆ ಹಾಕಿದರೆ ಸಂದಿಯಲ್ಲಿ ನುಸುಳಲಾಗದು. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯಲೂ ಹಗುರವಾದ, ನೆಟ್ಟಗೆ ಕೂರುವ ಗಾಡಿಯೇ ಚೆನ್ನ. ತಿಂಗಳಿಗೊಮ್ಮೆಯಾದರೂ ಹುಬ್ಬಳ್ಳಿ, ಬೆಳಗಾವಿ ಕಡೆ ದೂರ ಹೋಗುವವರಾದರೆ ತಗೊಳ್ಳಿ. ಆದರೆ ಷೋರೂಮಿಗೆ ಹಿಂದೆ ಕೂರುವವರನ್ನೂ ಕರಕೊಂಡು ಹೋಗಿ. ಅವರು ಹಿಂದಿನ ಸೀಟಲ್ಲಿ ಹತ್ತು ನಿಮಿಷ ಕೂತು ನೋಡಲಿ.