16 ತಾಸಿನ ಉಪವಾಸ ಎಲ್ಲರಿಗೂ ಒಗ್ಗದು: ಒಂದು ಸ್ಪಷ್ಟನೆ

ದಿನಕ್ಕೆ 16 ತಾಸು ಉಪವಾಸವಿದ್ದರೆ ಸಕ್ಕರೆ ಕಾಯಿಲೆಯವರು ಮಾತ್ರೆಯನ್ನೇ ಬಿಡಬಹುದೆಂಬ ಸಂದೇಶ ವಿಜಯಪುರದ ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ತಪ್ಪಷ್ಟೇ ಅಲ್ಲ, ಅಪಾಯಕಾರಿಯೂ ಹೌದು. ಮಾತ್ರೆ ಬಿಟ್ಟರೆ ಸಕ್ಕರೆ ಏರುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಎಂಬ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಲೇ, ವೈದ್ಯರಿಂದ ಪ್ರಮಾಣ ಹೊಂದಿಸಿಕೊಳ್ಳದೆ ಊಟ ತಪ್ಪಿಸಿದರೆ, ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದು ಕೈ ನಡುಗಬಹುದು, ಮೈ ಬೆವರಬಹುದು, ಪ್ರಜ್ಞೆಯೂ ತಪ್ಪಬಹುದು. ನಸುಕಿನಲ್ಲೇ ಹೊಲಕ್ಕೆ ಹೋಗಿ ಬಿಸಿಲಲ್ಲಿ ಜೋಳ ಕೊಯ್ಯುವವರಿಗಂತೂ ಈ ಭಯ ಹೆಚ್ಚು.

ತೂಕದ ವಿಷಯದಲ್ಲೂ 16 ಮಂತ್ರಸಂಖ್ಯೆಯಲ್ಲ. ಚೀನಾದಲ್ಲಿ 139 ಸ್ಥೂಲಕಾಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಒಂದು ವರ್ಷದ ಅಧ್ಯಯನದಲ್ಲಿ, ಕ್ಯಾಲೊರಿ ಕಡಿತದ ಜೊತೆಗೆ ಊಟದ ವೇಳೆಯನ್ನೂ ಮಿತಗೊಳಿಸಿದವರು ಬರೀ ಕ್ಯಾಲೊರಿ ಇಳಿಸಿದವರಿಗಿಂತ ಗಮನಾರ್ಹವಾಗಿ ಹೆಚ್ಚು ತೂಕ ಕಳೆದುಕೊಳ್ಳಲಿಲ್ಲ. ಆರೋಗ್ಯವಂತರು ರಾತ್ರಿ 8ಕ್ಕೆ ರೊಟ್ಟಿ ಪಲ್ಯ ಮುಗಿಸಿ ಬೆಳಿಗ್ಗೆ 8ರವರೆಗೆ ನೀರಷ್ಟೇ ಕುಡಿಯುವ 12 ತಾಸಿನ ಕ್ರಮದಿಂದ ಆರಂಭಿಸಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು 16 ತಾಸಿನ ಉಪವಾಸಕ್ಕೆ ಇಳಿಯಲೇಬಾರದು.