ಇಂಧನ ದಕ್ಷತೆಯ ಉಪನ್ಯಾಸಗಳಲ್ಲಿ ಒಂದು ಅಂಕಿ ಸಾಲದು

ಇಂಧನ ದಕ್ಷತೆ ಮತ್ತು ಶುದ್ಧ ತಂತ್ರಜ್ಞಾನದ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಸಂಶೋಧನಾ ಉಪನ್ಯಾಸಗಳನ್ನು ಆಸಕ್ತಿಯಿಂದ ಕೇಳುತ್ತ ಬಂದಿದ್ದೇನೆ. ಸಾರ್ವಜನಿಕರಿಗೂ ಬಾಗಿಲು ತೆರೆದಿರುವ ಇಂಥ ಸಭೆಗಳು ಇನ್ನಷ್ಟು ನಡೆಯಬೇಕೆಂಬುದು ನನ್ನ ಆಸೆ. ಆದರೆ ಅಲ್ಲಿ ಬೇರೂರಿರುವ ಒಂದು ರೂಢಿಯ ಬಗ್ಗೆ ನನ್ನ ತಕರಾರಿದೆ. ಉಪನ್ಯಾಸಕರು ತೆರೆಯ ಮೇಲೆ ಶೇಕಡಾವಾರು ಅಂಕಿಯೊಂದನ್ನು ತೋರಿಸುತ್ತಾರೆ, ಸಭೆ ಮೆಚ್ಚುತ್ತದೆ, ಮುಂದಿನ ಸ್ಲೈಡ್ ಬರುತ್ತದೆ. ಆ ಅಂಕಿಯನ್ನು ಎಷ್ಟು ದೊಡ್ಡ ಸಾಧನದ ಮೇಲೆ, ಎಷ್ಟು ಕಾಲ ಅಳೆದರು, ಲೆಕ್ಕ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂಬುದನ್ನು ಯಾರೂ ಕೇಳದ ಹೊರತು ಹೇಳುವುದಿಲ್ಲ.

ಪೆರೊವ್‌ಸ್ಕೈಟ್ ಎಂಬ ವಿಶಿಷ್ಟ ಹರಳು ರಚನೆಯ ವಸ್ತುವಿನಿಂದ ಮಾಡಿದ ಸೌರಕೋಶಗಳನ್ನೇ ತೆಗೆದುಕೊಳ್ಳೋಣ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಕಾ ಅವರ ತಂಡ ಮೊದಲ ಕೋಶಗಳನ್ನು ವರದಿ ಮಾಡಿದಾಗ ದಕ್ಷತೆ ಶೇ. 3.8ರಷ್ಟಿತ್ತು. ಹದಿನೈದು ವರ್ಷ ತುಂಬುವುದರೊಳಗೆ ಅದು ಶೇ. 25ನ್ನು ದಾಟಿತು. ಒಂದೇ ಪದರದ ಕೋಶ ಸುಮಾರು ಶೇ. 33ನ್ನು ಮೀರಲಾರದು ಎಂಬ ಮಿತಿ ಭೌತವಿಜ್ಞಾನಿಗಳಾದ ಶಾಕ್ಲಿ ಮತ್ತು ಕ್ವೈಸರ್ 1961ರಲ್ಲಿ ಹಾಕಿಕೊಟ್ಟ ಲೆಕ್ಕದಿಂದ ಬಂದದ್ದು. ಅದರ ಪಕ್ಕದಲ್ಲಿಟ್ಟು ನೋಡಿದರೆ ಇದು ಅಸಾಧಾರಣ ಸಾಧನೆ. ಆದರೆ ಇಂಥ ದಾಖಲೆಗಳು ಬಹುತೇಕ ಉಗುರಿನಷ್ಟು ಸಣ್ಣ ಕೋಶಗಳ ಮೇಲೆ ಬಂದವು. ತೇವಾಂಶ, ಬಿಸಿ ಮತ್ತು ಬೆಳಕು, ಅಂದರೆ ಛಾವಣಿಯ ಮೇಲೆ ಕೂತ ಫಲಕ ದಿನವೂ ಎದುರಿಸಬೇಕಾದ ಮೂರೂ, ಈ ವಸ್ತುವನ್ನು ಕೆಡಿಸುತ್ತವೆ. ಸಿಲಿಕಾನ್ ಫಲಕಗಳಿಗೆ ಇಪ್ಪತ್ತೈದು ವರ್ಷದ ಖಾತರಿ ಸಾಮಾನ್ಯವಾಗಿರುವಾಗ, ಏರುವ ರೇಖೆಯನ್ನು ಮಾತ್ರ ತೋರಿಸಿ ಬಾಳಿಕೆಯ ರೇಖೆಯನ್ನು ಬಿಟ್ಟರೆ ಕೇಳುಗನ ಕೈಗೆ ಅರ್ಧ ಸತ್ಯ ಸಿಗುತ್ತದೆ.

ಲೆಕ್ಕ ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆ ಇದಕ್ಕಿಂತಲೂ ಮುಖ್ಯವೆಂದು ನನಗೆ ಅನ್ನಿಸುತ್ತದೆ. ನೀರೆತ್ತುವ ಒಂದು ವ್ಯವಸ್ಥೆಯನ್ನು ಊಹಿಸಿಕೊಳ್ಳಿ. ಕಲ್ಲಿದ್ದಲ ಸ್ಥಾವರದ ದಕ್ಷತೆ ಶೇ. 35, ಮೋಟಾರಿನದು 90, ಪಂಪಿನದು 70 ಇರಲಿ. ಬೇಕಾದದ್ದಕ್ಕಿಂತ ದೊಡ್ಡ ಪಂಪು ಹಾಕಿ, ಹೆಚ್ಚಾದ ಹರಿವನ್ನು ವಾಲ್ವ್ ತಿರುಗಿಸಿ ತಡೆಯುತ್ತಿರುವುದರಿಂದ ಉಳಿದದ್ದರಲ್ಲೂ ಮೂರನೆಯ ಒಂದು ಭಾಗದಷ್ಟು ಅಲ್ಲೇ ವ್ಯರ್ಥವಾಗಲಿ. ಇವನ್ನೆಲ್ಲ ಗುಣಿಸಿದರೆ, ಸುಟ್ಟ ಇಂಧನದ ಸುಮಾರು ಏಳನೆಯ ಒಂದು ಭಾಗ ಮಾತ್ರ ಕೆಲಸಕ್ಕೆ ಬಂದಿರುತ್ತದೆ. ಇದನ್ನೇ ತಿರುಗಿಸಿ ಓದಿದರೆ, ನೀರಿನ ತುದಿಯಲ್ಲಿ ಒಂದು ಯೂನಿಟ್ ಉಳಿಸಿದಾಗ ಕುಲುಮೆಯ ತುದಿಯಲ್ಲಿ ಏಳು ಯೂನಿಟ್‌ನಷ್ಟು ಶಾಖ ಸುಡುವುದು ತಪ್ಪುತ್ತದೆ. ಮೋಟಾರಿನ ದಕ್ಷತೆಯನ್ನು 90ರಿಂದ 93ಕ್ಕೆ ಏರಿಸಿದ ಸಂಶೋಧನೆಗೆ ವೇದಿಕೆ ಸುಲಭವಾಗಿ ಸಿಗುತ್ತದೆ. ಆ ವಾಲ್ವನ್ನು ಪೂರ್ತಿ ತೆರೆದು, ಪಂಪಿನ ವೇಗವನ್ನೇ ತಗ್ಗಿಸಿದವರಿಗೆ ಸಿಗುವುದಿಲ್ಲ. ಎತ್ತರಕ್ಕಿಂತ ಕೊಳವೆಯ ಘರ್ಷಣೆಯೇ ಪ್ರಧಾನವಾಗಿರುವ ಕಡೆ ಪಂಪಿಗೆ ಬೇಕಾಗುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುವುದರಿಂದ, ವೇಗವನ್ನು ಶೇ. 20ರಷ್ಟು ಇಳಿಸಿದರೆ ವಿದ್ಯುತ್ತಿನ ಬೇಡಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು ಶೇ. 45ರಷ್ಟನ್ನು ಮೋಟಾರು ಚಾಲಿತ ವ್ಯವಸ್ಥೆಗಳೇ ಬಳಸುತ್ತವೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2011ರಲ್ಲಿ ಅಂದಾಜಿಸಿತ್ತು. ಇಷ್ಟು ದೊಡ್ಡ ವಿಷಯ ಉಪನ್ಯಾಸಗಳ ಪಟ್ಟಿಯಲ್ಲಿ ಅಷ್ಟು ಅಪರೂಪವಾಗಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಬಳಕೆಯ ತುದಿಯಿಂದ ಯೋಚಿಸುವುದು ಕೆಳದರ್ಜೆಯ ವಿಜ್ಞಾನವೇನಲ್ಲ. ಆರ್ಥರ್ ರೋಸೆನ್‌ಫೆಲ್ಡ್ ಎನ್ರಿಕೊ ಫರ್ಮಿಯವರ ಶಿಷ್ಯರಾಗಿದ್ದು, ಕಣ ಭೌತಶಾಸ್ತ್ರದಲ್ಲಿ ಹೆಸರು ಮಾಡಿದ್ದವರು. 1973ರ ತೈಲ ಬಿಕ್ಕಟ್ಟಿನ ನಂತರ ಅವರು ಬರ್ಕ್ಲಿಯಲ್ಲಿ ಕಿಟಕಿ, ದೀಪ, ಕಟ್ಟಡಗಳ ಅಧ್ಯಯನಕ್ಕೆ ತಿರುಗಿದರು. ಆ ಕಾಲದ ಅಮೆರಿಕದ ಫ್ರಿಜ್ ವರ್ಷಕ್ಕೆ 1,800 ಯೂನಿಟ್‌ನಷ್ಟು ವಿದ್ಯುತ್ ಬಳಸುತ್ತಿತ್ತು. ಕಾನೂನಿನ ಮಾನದಂಡಗಳು ಬಂದ ಮೇಲೆ, ಗಾತ್ರ ದೊಡ್ಡದಾದರೂ, ಬಳಕೆ ಅದರ ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿಯಿತು. 1985ರಲ್ಲಿ ಬ್ರೆಜಿಲ್‌ನ ಗೋಲ್ಡೆಂಬರ್ಗ್, ಸ್ವೀಡನ್ನಿನ ಯೋಹಾನ್ಸನ್, ಭಾರತದ ಅಮೂಲ್ಯ ರೆಡ್ಡಿ ಮತ್ತು ಅಮೆರಿಕದ ವಿಲಿಯಮ್ಸ್ ಒಟ್ಟಾಗಿ ಮಂಡಿಸಿದ ಲೆಕ್ಕ ಇನ್ನೂ ಧೈರ್ಯದ್ದು. ದಕ್ಷ ಸಾಧನಗಳನ್ನು ಬಳಸಿದರೆ ತಲಾ ಒಂದು ಕಿಲೋವ್ಯಾಟ್‌ನಷ್ಟು ಶಕ್ತಿಯಲ್ಲೇ ಎಪ್ಪತ್ತರ ದಶಕದ ಪಶ್ಚಿಮ ಯುರೋಪಿನ ಜೀವನಮಟ್ಟ ಸಾಧ್ಯ ಎಂದು ಅವರು ತೋರಿಸಿದರು. ಜನರಿಗೆ ಬೇಕಾದದ್ದು ಬೆಳಕು, ತಂಪು, ನೀರು, ಪ್ರಯಾಣ. ಅವನ್ನು ಎಷ್ಟು ಕಡಿಮೆ ಇಂಧನದಲ್ಲಿ ಒದಗಿಸಬಹುದು ಎಂಬಲ್ಲಿಂದ ಅವರ ಲೆಕ್ಕ ಶುರುವಾಗಿತ್ತು.

ದಕ್ಷತೆ ಹೆಚ್ಚಿದಷ್ಟೂ ಬಳಕೆಯೂ ಹೆಚ್ಚಬಹುದು ಎಂದು ಇಂಗ್ಲಿಷ್ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಎಚ್ಚರಿಸಿದ್ದು ಗೊತ್ತಿದೆ. ಅಗ್ಗವಾದ ಎಲ್‌ಇಡಿ ಬೆಳಕನ್ನು ಜನ ಮೊದಲು ದೀಪವೇ ಇಲ್ಲದ ಕಡೆಗಳಲ್ಲೂ ಉರಿಸುತ್ತಾರೆ. ದಕ್ಷತೆಯನ್ನು ಕೈಬಿಡಲು ಇದು ಕಾರಣವಾಗದು. ಆದರೆ ಉಳಿತಾಯದ ಅಂದಾಜು ಹೇಳುವವರು ಅದರ ಜೊತೆಗೆ ಅಳವಡಿಕೆಯ ನಂತರ ಮೀಟರ್ ತೋರಿಸಿದ ಅಂಕಿಯನ್ನೂ ಇಡಬೇಕೆಂದು ಕೇಳಲು ಇದು ಸಾಕಷ್ಟು ಕಾರಣ.

ಹೀಗಾಗಿ ಆಯೋಜಕರಲ್ಲಿ ನನ್ನ ವಿನಂತಿ ಇಷ್ಟು. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಪ್ರಶ್ನೋತ್ತರಕ್ಕೆ ಕೊನೆಯ ಐದು ನಿಮಿಷ ಬಿಡುವ ಬದಲು ಮೂರನೆಯ ಒಂದು ಭಾಗವನ್ನಾದರೂ ಮೀಸಲಿಡಿ. ಬಾಯ್ಲರ್ ನಡೆಸುವವರನ್ನು, ಕಟ್ಟಡಗಳ ಹವಾನಿಯಂತ್ರಣ ನೋಡಿಕೊಳ್ಳುವವರನ್ನು, ಪಂಪ್‌ಹೌಸ್ ಸಿಬ್ಬಂದಿಯನ್ನು ಮುಂದಿನ ಸಾಲಿಗೆ ಕರೆಯಿರಿ, ಕೆಲವೊಮ್ಮೆ ವೇದಿಕೆಗೂ ಕರೆಯಿರಿ. ವಾಲ್ವ್ ಏಕೆ ಅರ್ಧ ಮುಚ್ಚಿದೆ, ವೇಗ ನಿಯಂತ್ರಕ ಹಾಕಿದ ಮೇಲೂ ಅದನ್ನು ಬೈಪಾಸ್ ಮಾಡಿ ಏಕೆ ಓಡಿಸುತ್ತಾರೆ ಎಂಬುದನ್ನು ಅವರು ವಿವರಿಸಬಲ್ಲರು. ಆ ಉತ್ತರಗಳನ್ನು ಉಪನ್ಯಾಸದ ಧ್ವನಿಮುದ್ರಣದಿಂದ ಕತ್ತರಿಸದೆ ಪೂರ್ತಿ ಉಳಿಸಿಕೊಳ್ಳಿ, ಏಕೆಂದರೆ ಮುಂದಿನ ಸಂಶೋಧನಾ ವಿದ್ಯಾರ್ಥಿಗೆ ಬೇಕಾದ ಸಮಸ್ಯೆ ಅಲ್ಲಿಯೇ ಸಿಗಬಹುದು.